ತಟ್ಟೆ ಹಿಡಿದು ನಿಂತವಳು

ಡಿಸ್ಕವರಿ ಗಾರ್ಡನ್ಸ್, ದುಬೈ
9 ನವೆಂಬರ್ 2025

ಶಮ್ಮಿ,

ಡಬ್ಬಿ ತೆರೆಯುವ ಮೊದಲು ಕೈ ತೊಳೆದುಕೋ. ಒಳಗಿರುವ ಲೆನ್ಸು ನನ್ನದಲ್ಲ, ಅಂಗಡಿಯದ್ದು. ನಿನ್ನ ಮೀನುಸಾರಿನ ಬೆರಳು ಅದರ ಗಾಜಿಗೆ ತಾಗಿದರೆ ಡಿಕ್ಸನ್ ನನ್ನನ್ನು ಅಲ್ ಕೂಜ್‌ನ ಗೋದಾಮಿನ ಹೊರಗೆ ಬಿಸಿಲಿಗೆ ಒಣಗಲು ಹಾಕುತ್ತಾನೆ. ಮ್ಯಾನೇಜರ್ ಆದ ಮೇಲೆ ಅವನಿಗೆ ನಗು ಬರುವುದು ಸಂಬಳದ ದಿನ ಮಾತ್ರ.

ಇದು ಎಂಬತ್ತೈದು ಮಿಲಿಮೀಟರಿನ ಲೆನ್ಸ್. ಬೆಳಕು ಬಿಡುವ ಇದರ ಕಿಂಡಿ ಎಷ್ಟು ಅಗಲ ತೆರೆಯುತ್ತದೆಂದರೆ, ಮೂಗಿಗೆ ಫೋಕಸ್ ಮಾಡಿದರೆ ಕಿವಿ ಮಸುಕಾಗುತ್ತದೆ. ಹಿಂದೆ ನಿಂತವರಂತೂ ಬಿಸಿ ದೋಸೆಯ ಮೇಲಿನ ಬೆಣ್ಣೆಯೇ ಸರಿ. ಬಾಡಿಗೆಗೆ ಬಿಡುವ ಮೊದಲು ಯಾರಾದರೂ ಇದನ್ನು ನಿಜವಾದ ಕೆಲಸದಲ್ಲಿ ಹಿಡಿದು ನೋಡಬೇಕು. ನಾನು ಅಂಗಡಿಯೊಳಗೆ ಖಾಲಿ ಬಾಟಲಿಗಳ ಫೋಟೋ ತೆಗೆದು ತೆಗೆದು ಸೋತೆ. ಈ ತಿಂಗಳು ಮದರಂಗಿ ಕೂಟದ ಫೋಟೋ ಕೆಲಸ ಉಂಟು ಎಂದಿದ್ದೆಯಲ್ಲ, ಅಲ್ಲಿ ಇದನ್ನು ಒಂದು ಕೈ ನೋಡು.

ನಿನ್ನ ಕಾನೂನು ನನಗೆ ಬಾಯಿಪಾಠ ಇದೆ. ಹೆಂಗಸರದ್ದೇ ಕೂಟ, ಗಂಡಸರಿಗೆ ಪ್ರವೇಶ ಇಲ್ಲ, ಫೋನುಗಳೆಲ್ಲ ಬಾಗಿಲಲ್ಲೇ, ಮುಖ ಇರುವ ಒಂದು ಚಿತ್ರವೂ ಹೊರಗೆ ಹೋಗುವಂತಿಲ್ಲ. ನನಗೆ ಮುಖ ಬೇಡ ಮಾರಾಯ್ತಿ. ಕೈ ಕಳಿಸು, ಬಳೆ ಕಳಿಸು. ಡಿಸೆಂಬರಿನಲ್ಲಿ ಅಂಗಡಿಯಲ್ಲಿ ಡೆಮೊ ದಿನ. ಹೊಸ ಲೆನ್ಸುಗಳನ್ನೂ ಒಂದು ಹೊಸ ಎಡಿಟಿಂಗ್ ಸಾಫ್ಟ್‌ವೇರನ್ನೂ ಜನರೆದುರು ನಿಂತು ತೋರಿಸುವ ಕೆಲಸ ನನ್ನದಂತೆ. ಇಷ್ಟು ವರ್ಷ ಕೌಂಟರಿನ ಹಿಂದೆ ಲೆನ್ಸು ಒರೆಸಿದವಳ ಕೈಗೆ ಮೊದಲ ಸಲ ಮೈಕು ಬರುತ್ತಿದೆ. ನನಗೆ ಇದು ದೊಡ್ಡದು, ನಗಬೇಡ.

ವರದಿಯನ್ನು ಕಾಗದದಲ್ಲೇ ಬರೆ. ಹೋದ ಸಲ ವಾಟ್ಸಾಪಿನಲ್ಲಿ ಕೇಳಿದ್ದಕ್ಕೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಕೈ ತೊಳೆದುಕೊಂಡೆ. ಮುಲ್ಕಿಯ ಶಾಲೆಯಲ್ಲಿ ಕನ್ನಡ ಪ್ರಬಂಧಕ್ಕೆ ಬಹುಮಾನ ಹೊಡೆದವಳು ಹೆಬ್ಬೆಟ್ಟು ಒತ್ತುವುದಾ? ಲತೇಶ್ ಹೇಗೂ ದಿನಾ ಅಬುಧಾಬಿಯ ಆಫೀಸಿಗೆ ಕಾರು ಓಡಿಸುತ್ತಾರೆ. ಗಂಡನನ್ನು ಪೋಸ್ಟ್‌ಮ್ಯಾನ್ ಮಾಡಿದ ಪುಣ್ಯ ನನಗಿರಲಿ.

ನಿನ್ನ ಬೆರಳುಗಳ ಮೇಲೆ ನಂಬಿಕೆಯಿಲ್ಲದ,
ಸುಪ್ರೀತಾ


ಖಾಲಿದಿಯಾ, ಅಬುಧಾಬಿ
24 ನವೆಂಬರ್ 2025

ಸುಪ್ಪಿ,

ಕೈ ತೊಳೆದೇ ಬರೆಯುತ್ತಿದ್ದೇನೆ. ವರದಿ ಕೇಳು.

ಲೆನ್ಸು ಭಾರ. ಕೂಟ ಮುಗಿಯುವಾಗ ಮಣಿಕಟ್ಟು ನನ್ನದಲ್ಲ ಅನ್ನಿಸಿತು. ಹೆಂಗಸರು ನಗುವಾಗ ತಲೆ ಹಿಂದಕ್ಕೆ ಹಾಕುತ್ತಾರೆ, ಅಷ್ಟಕ್ಕೇ ಫೋಕಸ್ ಜಾರುತ್ತದೆ. ಕೆಟ್ಟ ಚಿತ್ರಗಳು ಬೇಕಾದಷ್ಟು. ಆದರೆ ಕೆಡದೆ ಉಳಿದವನ್ನು ನಾನೇ ಮತ್ತೆ ಮತ್ತೆ ತೆರೆದು ನೋಡಿದೆ. ಅಂಗೈಯ ಗೆರೆ ಗೆರೆಯಲ್ಲಿ ಹಸಿ ಮದರಂಗಿಯ ಹೊಳಪು ಕಾಣುತ್ತದೆ. ನಿನ್ನ ಡಿಕ್ಸನ್ ಎಷ್ಟು ಬಾಡಿಗೆ ಹೇಳಿದರೂ ಜನ ಕೊಡುತ್ತಾರೆ.

ಮದರಂಗಿ ಶಾಹಿನಳದ್ದು, ನಮ್ಮ ಹಿಂದಿನ ಬೀದಿಯವಳು. ಅವಳ ಉಮ್ಮ ಬಾಗಿಲಲ್ಲೇ ಬಿರಿಯಾನಿಯ ದೊಡ್ಡ ಪಾತ್ರೆ ಇಟ್ಟು, ಬಂದವರ ಫೋನೆಲ್ಲ ಅದಕ್ಕೆ ಹಾಕಿಸಿ ಮುಚ್ಚಳ ಮುಚ್ಚಿದ್ದರು. ಒಳಗಿನಿಂದ ಒಂದಲ್ಲ ಒಂದು ಫೋನು ಗುಂಯ್ ಅನ್ನುತ್ತಿತ್ತು, ಯಾರೂ ತಿರುಗಿ ನೋಡಲಿಲ್ಲ. ಶಾಲು ತೆಗೆದಿಟ್ಟು, ಕೂದಲು ಬಿಚ್ಚಿ, ಅವರೆಲ್ಲ ಹಾಡಿದ್ದನ್ನು ನೀನು ಕೇಳಬೇಕಿತ್ತು.

ಬರಬೇಕಾದವಳು ಒಬ್ಬಳು ಬರಲಿಲ್ಲ. ಮೈಮೂನ, ಶಾಹಿನಳ ಬಾಲ್ಯದ ಗೆಳತಿ, ಉಳ್ಳಾಲದಲ್ಲಿ ಒಂದೇ ಓಣಿಯವರು. ಈಗ ಇಲ್ಲೇ ಎರಡು ಕಟ್ಟಡದ ಆಚೆ ಇದ್ದಾಳೆ. ಅವಳ ಗಂಡ ಹಾಶಿಮ್ ಮತ್ತು ಶಾಹಿನಳ ಅಪ್ಪ ಸೇರಿ ಕೆಫೆಟೇರಿಯಾ ನಡೆಸುತ್ತಿದ್ದರು, ಜಗಳವಾಗಿ ಬೇರೆಯಾದರು. ಅಂದಿನಿಂದ ಹಾಶಿಮ್‌ನ ತಾಯಿ ಪಾತುಮ್ಮ ಆ ಮನೆಯ ನೀರೂ ಮುಟ್ಟಬಾರದು ಎಂದು ಅಪ್ಪಣೆ ಮಾಡಿದ್ದಾರೆ. ಶಾಹಿನ ಎರಡೂ ಕೈ ಚಾಚಿ ಕುಳಿತು ಬಾಗಿಲು ನೋಡುತ್ತಲೇ ಇದ್ದಳು.

ನನ್ನ ಪದ್ಧತಿಯಂತೆ ಎಲ್ಲ ಚಿತ್ರಗಳನ್ನೂ ಮದುಮಗಳ ಕೈಗೆ ಕೊಟ್ಟು, ನನ್ನಲ್ಲಿದ್ದದ್ದನ್ನು ಅಳಿಸಿದ್ದೇನೆ. ಅವಳು ನಿಖಾಕ್ಕೆ ಊರಿಗೆ ಹೊರಟಳು. ಅವಳನ್ನು ಕೇಳಿಯೇ ನಿನಗೆ ಕೆಲವು ಕೈಗಳನ್ನು ಉಳಿಸಿಕೊಂಡೆ, ಕಾರ್ಡನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ, ಲೆನ್ಸು ಇನ್ನೂ ಸ್ವಲ್ಪ ದಿನ ನನ್ನಲ್ಲೇ ಇರಲಿ. ಒಂದರಲ್ಲಿ ಮಾತ್ರ ಕೈಯ ಹಿಂದೆ ಯಾರೋ ತಟ್ಟೆ ಹಿಡಿದು ನಿಂತಿದ್ದಾರೆ. ಯಾರೆಂದು ನನಗೂ ತಿಳಿಯದು, ಹೆತ್ತ ತಾಯಿ ಬಂದರೂ ಗುರುತು ಹಿಡಿಯಲಾರಳು. ಹಾಗಾಗಿ ಅದನ್ನೂ ಕಳಿಸುತ್ತಿದ್ದೇನೆ. ಈ ಲೆನ್ಸನ್ನು ನಮ್ಮವರಿಗಾಗಿಯೇ ಮಾಡಿದ್ದೇನೋ, ಪರದೆ ಅದರೊಳಗೇ ಇದೆ.

ಲತೇಶಣ್ಣನಿಗೆ ಒಂದು ಡಬ್ಬಿ ನೈಯಪ್ಪ ಇಟ್ಟಿದ್ದೇನೆ. ಪೋಸ್ಟ್‌ಮ್ಯಾನಿನ ಸಂಬಳ, ನೀನು ತಿನ್ನಬೇಡ.

ನಿನ್ನ,
ಶಮೀನಾ


ಡಿಸ್ಕವರಿ ಗಾರ್ಡನ್ಸ್, ದುಬೈ
14 ಡಿಸೆಂಬರ್ 2025

ಶಮ್ಮಿ, ನನ್ನ ಬಂಗಾರ,

ನಿನ್ನೆ ಡೆಮೊ ಆಯಿತು. ಗೋದಾಮಿನಲ್ಲಿ ಕುರ್ಚಿ ಸಾಲದೆ ಜನ ಲೈಟ್ ಸ್ಟ್ಯಾಂಡಿನ ಪೆಟ್ಟಿಗೆಗಳ ಮೇಲೆ ಕುಳಿತಿದ್ದರು. ನಾನು ಸೀರೆ ಉಟ್ಟಿದ್ದೆ, ನೆರಿಗೆಗೆ ಎರಡು ಪಿನ್ನು ಹೆಚ್ಚೇ ಹಾಕಿದ್ದೆ.

ಲೆನ್ಸುಗಳಿಗೆ ತಲೆಯಾಡಿಸಿದರು, ಅಷ್ಟೇ. ಕೂಟ ಎದ್ದು ಕುಳಿತದ್ದು ಸಾಫ್ಟ್‌ವೇರಿಗೆ. ಮಸುಕಾದದ್ದನ್ನು ಸ್ಪಷ್ಟ ಮಾಡುವ ಗುಂಡಿ ಒಂದಿದೆ ಅದರಲ್ಲಿ. ಕದಲಿದ ನಂಬರ್ ಪ್ಲೇಟು, ಹಳೆಯ ಕಪ್ಪುಬಿಳುಪು ಫೋಟೋ ಎಲ್ಲ ತೋರಿಸಿದೆ. ಕೊನೆಗೆ ದೊಡ್ಡ ಪರದೆಯ ಮೇಲೆ ನಿನ್ನ ಚಿತ್ರ ಹಾಕಿದೆ, ಆ ಕೈ, ಹಿಂದೆ ತಟ್ಟೆ ಹಿಡಿದ ಬಣ್ಣದ ಮುದ್ದೆ. ಗುಂಡಿ ಒತ್ತಿದೆ. ಮುದ್ದೆಯೊಳಗಿನಿಂದ ಮೊದಲು ಕಣ್ಣು ಬಂತು, ಆಮೇಲೆ ತುಟಿ, ಬಿಚ್ಚಿದ ಕೂದಲು, ಎಡಗೆನ್ನೆಯಲ್ಲಿ ಒಂದು ಚಂದದ ಕುಳಿ. ಜನ ಚಪ್ಪಾಳೆ ಹೊಡೆದರು ಶಮ್ಮಿ, ನನಗೆ. ಡಿಕ್ಸನ್ ನಕ್ಕ, ಸಂಬಳಕ್ಕೆ ಇನ್ನೂ ಹದಿನೈದು ದಿನ ಇರುವಾಗ.

ವಿಡಿಯೋ ಅಂಗಡಿಯ ಪೇಜಿನಲ್ಲಿ ಹಾಕಿದ್ದಾರೆ. ನೋಡಿ ಹೇಳು, ಸೀರೆ ಹೇಗೆ ಕಾಣುತ್ತದೆ?

ಇನ್ನು ಮೈಕು ಬಿಡುವುದಿಲ್ಲವೆಂದು ತೀರ್ಮಾನಿಸಿದ,
ಸುಪ್ರೀತಾ


ಖಾಲಿದಿಯಾ
16 ಡಿಸೆಂಬರ್ 2025

ಸುಪ್ರೀತಾ,

ಫೋನಿನಲ್ಲಿ "ಆ ವಿಡಿಯೋ ತೆಗೆದುಹಾಕು" ಎಂದಷ್ಟೇ ಹೇಳಿ ಇಟ್ಟೆ. ಇನ್ನೊಂದು ಮಾತು ಆಡಿದ್ದರೆ ನಾನು ಕೂಗುತ್ತಿದ್ದೆ, ಮನೆಯಲ್ಲಿ ಮಕ್ಕಳಿದ್ದರು. ನೀನು ತಿರುಗಿ ಫೋನ್ ಮಾಡಬೇಡ. ಬರೆಯುವುದನ್ನು ಬರೆ.

ನಡೆದದ್ದು ಇಷ್ಟು. ಶಾರ್ಜಾದಲ್ಲಿರುವ ಪಾತುಮ್ಮನ ಮಗಳು ನಿನ್ನ ವಿಡಿಯೋ ನೋಡಿದ್ದಾಳೆ. ಗುಂಡಿ ಒತ್ತಿ ನೀನು ತಂದ ಮುಖ ಮೈಮೂನಳದ್ದು. ಕಣ್ಣು ಅವಳದ್ದೇ, ಕುಳಿ ಅವಳದ್ದೇ. ಮದರಂಗಿಗೆ ಹೋಗಬಾರದೆಂದು ಹೇಳಿದ ಮೇಲೂ ಕದ್ದು ಹೋಗಿದ್ದಾಳೆ, ಬಿಚ್ಚುಗೂದಲಲ್ಲಿ ದುಬೈಯ ಗಂಡಸರೆದುರು ಪರದೆಯ ಮೇಲೆ ನಿಂತಿದ್ದಾಳೆ, ಇದು ಈಗ ಆ ಮನೆಯ ಮಾತು. ಮದರಂಗಿಯ ಸಂಜೆ ಪಾತುಮ್ಮ ಶಾರ್ಜಾದ ಮಗಳ ಮನೆಯಲ್ಲಿದ್ದರು, ಹಾಶಿಮ್ ಅಂಗಡಿಯಲ್ಲಿ. ಮೈಮೂನ ಮನೆಯಲ್ಲೇ ಇದ್ದೆ ಅನ್ನುತ್ತಾಳೆ. ನೋಡಿದವರು ಯಾರೂ ಇಲ್ಲ. ಕೂಟದಲ್ಲಿದ್ದ ಹೆಂಗಸರು ಅವಳು ಬಂದಿಲ್ಲ ಎಂದರೆ, ಅವರೆಲ್ಲ ಶಾಹಿನಳ ಕಡೆಯವರು, ಮತ್ತೇನು ಹೇಳುತ್ತಾರೆ ಎಂದು ಪಾತುಮ್ಮ ಅನ್ನುತ್ತಾರೆ. ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು, ಆ ಕ್ಷಣ ಹಿಡಿದದ್ದು ಯಾರೆಂದು ಆ ಹೆಂಗಸರಿಗೂ ನೆನಪಿಲ್ಲ.

ಮಸುಕು ಇದೆಯೆಂದು ನಂಬಿ ಕೊಟ್ಟೆ. ನೀನು ಅದನ್ನು ಎಲ್ಲರೆದುರು ಬಿಚ್ಚಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನಿನಗೆ ಸಿಕ್ಕಿದ್ದು ಒಂದು ಚಪ್ಪಾಳೆ.

ಶಮೀನಾ


ಡಿಸ್ಕವರಿ ಗಾರ್ಡನ್ಸ್
17 ಡಿಸೆಂಬರ್ 2025

ಶಮ್ಮಿ,

ವಿಡಿಯೋ ತೆಗೆಸಿದ್ದೇನೆ. ಡಿಕ್ಸನ್ ಕಾರಣ ಕೇಳಿದ. ಈ ದೇಶದಲ್ಲಿ ಕೇಳದೆ ಒಬ್ಬರ ಮುಖ ಹಾಕಿದರೆ ಕೇಸಾಗುತ್ತದೆ ಎಂದು ಹೇಳಿದ್ದೇ, ಅವನೇ ಓಡಿಹೋಗಿ ಅಳಿಸಿದ. ಆದರೆ ಅಷ್ಟರಲ್ಲಿ ಯಾರು ಯಾರು ಉಳಿಸಿಕೊಂಡಿದ್ದಾರೋ ನನಗೆ ಗೊತ್ತಿಲ್ಲ.

ನಾನು ಏನು ಮಾಡಿದೆ ಎಂದು ನನಗೆ ಗೊತ್ತು. ಮುಖ ಬೇಡ ಎಂದು ಬರೆದವಳೇ ನಾನು. ಆ ಗುಂಡಿ ಒತ್ತುವಾಗ ಅಲ್ಲಿ ಒಬ್ಬ ಹೆಂಗಸು ಇದ್ದಾಳೆ ಎಂಬುದು ತಲೆಗೆ ಬರಲೇ ಇಲ್ಲ. ಬಣ್ಣದ ಮುದ್ದೆ ಎಂದೇ ಅಂದುಕೊಂಡಿದ್ದೆ. ನಿನ್ನೆಯಿಂದ ಅನ್ನ ಇಳಿಯುತ್ತಿಲ್ಲ. ಲತೇಶ್, "ನೀನು ಹಸಿದರೆ ಅವಳಿಗೆ ಎಂತ ಲಾಭ?" ಎಂದು ಬೈದರು.

ಕೇಳಬಾರದು, ಆದರೂ ಕೇಳುತ್ತೇನೆ. ಮೈಮೂನ ನಿಜವಾಗಿ ಬಂದಿರಲಿಲ್ಲವಾ? ಹಿಂದಿನ ಬಾಗಿಲಿನಿಂದ ಸ್ವಲ್ಪ ಹೊತ್ತು ಬಂದು ಗೆಳತಿಯನ್ನು ನೋಡಿ ಹೋಗಿರಬಹುದಲ್ಲ. ಹಾಗಿದ್ದರೆ ನಾನು ಬೈಯುವುದಿಲ್ಲ, ನಾನಾದರೂ ಹಾಗೇ ಮಾಡುತ್ತಿದ್ದೆ. ಮುಖ ಅಷ್ಟು ಸ್ಪಷ್ಟ ಇದೆ ಶಮ್ಮಿ. ಮೆಷೀನಿಗೆ ಅವಳ ಪರಿಚಯ ಎಲ್ಲಿಂದ ಬಂತು?

ಉತ್ತರಕ್ಕೆ ಕಾದಿರುವ,
ಸುಪ್ರೀತಾ


ಖಾಲಿದಿಯಾ
26 ಡಿಸೆಂಬರ್ 2025

ಸುಪ್ರೀತಾ,

ತಡ ಮಾಡಿದೆ. ಬರೆಯಲು ಕುಳಿತಾಗೆಲ್ಲ ನಿನ್ನ ಆ ಪ್ರಶ್ನೆ ಅಡ್ಡ ಬರುತ್ತಿತ್ತು.

ಪಾತುಮ್ಮ ಕರೆಸಿದ್ದರು, ಹೋಗಿದ್ದೆ. ಅವರು ದಿವಾನದ ಮೇಲೆ ಕುಳಿತಿದ್ದರು, ಹಾಶಿಮ್ ಬಾಲ್ಕನಿಯಲ್ಲಿ ಬೆನ್ನು ಹಾಕಿ ನಿಂತಿದ್ದ. ಮೈಮೂನ ಅಡುಗೆಮನೆಯ ಬಾಗಿಲಲ್ಲಿ. ನನಗೆ ಚಾ ಕೊಡಲಿಲ್ಲ. ನಮ್ಮವರ ಮನೆಯಲ್ಲಿ ಅದರ ಅರ್ಥ ಏನೆಂದು ನಿನಗೆ ಬೇರೆ ಹೇಳಬೇಕಾಗಿಲ್ಲ. ಪಾತುಮ್ಮ ಫೋನನ್ನು ನನ್ನ ಮುಂದೆ ಇಟ್ಟರು. ನಮ್ಮ ಭಾಷೆಯಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: "ಫೋಟೋ ತೆಗ್ದದ್ದು ನೀನು. ಕಣ್ಣಲ್ಲಿ ನೋಡಿದವಳೂ ನೀನು. ಇದು ಯಾರು ಹೇಳು."

ನಾನು ನೋಡಿದೆ. ಅಲ್ಲ ಎಂದು ಹೇಳಲಿಕ್ಕೇ ಹೋದವಳು ನಾನು. ಆದರೆ ಆ ಕುಳಿ ನೋಡಿದ್ದೇ ನನ್ನ ನಾಲಿಗೆ ನಿಂತಿತು. ಬಳೆಗಳ ಚಿತ್ರ ತೆಗೆಯಲು ನಾನು ಒಳಕೋಣೆಗೆ ಹೋಗಿದ್ದೆನಲ್ಲ, ಆಗ ಬಂದು ಗುಂಪಿನ ಹಿಂದೆ ಸೇರಿಕೊಂಡಿರಬಹುದಾ? ಶಾಹಿನ ನನ್ನಿಂದಲೂ ಮುಚ್ಚಿಟ್ಟಳಾ? ಆ ಕೂಟದಲ್ಲಿ ಉದ್ದಕ್ಕೂ ಇದ್ದವಳು ನಾನು, ಅವಳು ಬರಲಿಲ್ಲವೆಂದು ನಿನಗೆ ಬರೆದವಳೂ ನಾನು, ಆದರೂ ಆ ಪರದೆಯನ್ನು ನೋಡಿ ನನ್ನ ಕಣ್ಣನ್ನೇ ನಾನು ನಂಬಲಿಲ್ಲ. ಆಮೇಲೆ "ಅಲ್ಲ, ಇವಳು ಮೈಮೂನ ಅಲ್ಲ" ಎಂದೆ. ಹೊತ್ತು ಮೀರಿತ್ತು. ಪಾತುಮ್ಮ ನನ್ನ ಮಾತನ್ನಲ್ಲ, ನಾನು ಸುಮ್ಮನಿದ್ದದ್ದನ್ನು ಕೇಳಿಸಿಕೊಂಡಿದ್ದರು.

ಮೈಮೂನ ನನ್ನನ್ನೇ ನೋಡುತ್ತಿದ್ದಳು. ಅಳಲಿಲ್ಲ, ಬೇಡಲಿಲ್ಲ. ಆ ನೋಟವನ್ನು ಹೊತ್ತುಕೊಂಡು ನಾನು ಮೆಟ್ಟಿಲಿಳಿದೆ.

ಜನವರಿ ಹದಿನೈದಕ್ಕೆ ಮಂಗಳೂರಿನ ಟಿಕೆಟ್ ಮಾಡಿದ್ದಾರೆ. ಅವಳೊಬ್ಬಳಿಗೆ. ತವರಲ್ಲಿ ಸ್ವಲ್ಪ ಸಮಯ ಇರಲಿ ಎಂದು ಊರಲ್ಲಿ ಹೇಳುತ್ತಾರಂತೆ. ಹಾಗೆ ಕಳಿಸಿದವರನ್ನು ಯಾವಾಗ ವಾಪಸು ಕರೆಸುತ್ತಾರೆ, ಕರೆಸುತ್ತಾರೋ ಇಲ್ಲವೋ, ಯಾರಿಗೂ ಗೊತ್ತಿರುವುದಿಲ್ಲ.

ಮೆಷೀನಿಗೆ ಅವಳ ಪರಿಚಯ ಎಲ್ಲಿಂದ ಎಂದು ನೀನು ಕೇಳಿದ್ದೀ. ಅದನ್ನು ನೀನೇ ಹುಡುಕು. ಗುಂಡಿ ಒತ್ತಿದವಳು ನೀನು.

ಶಮೀನಾ


ಡಿಸ್ಕವರಿ ಗಾರ್ಡನ್ಸ್
4 ಜನವರಿ 2026

ಶಮ್ಮಿ,

ಹುಡುಕಿದೆ. ಸಿಟ್ಟನ್ನು ಬದಿಗಿಟ್ಟು ಇದನ್ನು ಪೂರ್ತಿ ಓದು.

ಡೆಮೊದಲ್ಲಿ ನಾನು ಗುಂಡಿಯನ್ನು ಒತ್ತಿದ್ದು ಒಂದೇ ಸಲ. ಮುಖ ಬಂತು, ಚಪ್ಪಾಳೆ ಬಂತು, ಅಲ್ಲಿಗೆ ಮುಗಿಯಿತು. ಮೊನ್ನೆ ಅಂಗಡಿಗೆ ರಜೆ ಇತ್ತು. ನಿನ್ನ ಮೂಲಚಿತ್ರವನ್ನು ಹಾಕಿ ಮತ್ತೆ ಒತ್ತಿದೆ. ಬಂದವಳು ಬೇರೆಯವಳು. ಉದ್ದ ಮುಖ, ದಪ್ಪ ಹುಬ್ಬು, ಕುಳಿ ಇಲ್ಲ. ಕೈ ತಪ್ಪಿ ಬೇರೆ ಚಿತ್ರ ಹಾಕಿದೆನಾ ಎಂದು ನೋಡಿದೆ, ಅದೇ ಕೈ, ಅದೇ ತಟ್ಟೆ. ಮತ್ತೆ ಒತ್ತಿದೆ. ಫಿಲಿಪಿನೋ ಹುಡುಗಿಯ ಹಾಗಿರುವವಳು. ಮತ್ತೆ ಒತ್ತಿದರೆ ಕನ್ನಡಕದವಳು ಬಂದಳು. ಕನ್ನಡಕವನ್ನು ಎಲ್ಲಿಂದ ತಂದಿತೋ ದೇವರೇ ಬಲ್ಲ.

ಅದು ಮಸುಕನ್ನು ತೆಗೆಯುವುದೇ ಇಲ್ಲ ಶಮ್ಮಿ. ಮಸುಕಿನ ಅಡಿಯಲ್ಲಿ ಯಾರಿದ್ದಾರೆಂದು ಅದಕ್ಕೆ ಗೊತ್ತಿಲ್ಲ. ಎಲ್ಲೆಲ್ಲಿಂದಲೋ ಕಲಿತ ಸಾವಿರಾರು ಮುಖಗಳಿಂದ ಒಂದು ಹೊಸ ಮುಖವನ್ನು ಹೊಲಿದು ಅಲ್ಲಿ ಕೂರಿಸುತ್ತದೆ, ಪ್ರತಿ ಸಲವೂ ಬೇರೆ. ಮೊದಲ ಸಲ ಹೊಲಿದದ್ದು ಮೈಮೂನಳ ಹಾಗೆ ಬಂದದ್ದು ನಮ್ಮ ಗ್ರಹಚಾರ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಶಾಲೆಯಲ್ಲಿ ನೂರು ಸಲ ಬರೆಸಿದ್ದರು, ನನಗೆ ಬುದ್ಧಿ ಬಂದದ್ದು ಈಗ.

ನಾನು ಲ್ಯಾಪ್‌ಟಾಪ್ ತೆಗೆದುಕೊಂಡು ಬರುತ್ತೇನೆ. ಪಾತುಮ್ಮನ ಎದುರೇ ಒತ್ತುತ್ತೇನೆ. ಅವರು ಬೈದರೆ ಬೈಸಿಕೊಳ್ಳುತ್ತೇನೆ, ಹೊಡೆದರೂ ಸರಿ. ಒಳಗೆ ಬಿಡುವ ಹಾಗೆ ಮಾತ್ರ ನೀನು ಮಾಡು. ಹದಿನೈದಕ್ಕೆ ಹೆಚ್ಚು ದಿನ ಇಲ್ಲ.

ಸುಪ್ರೀತಾ


ಖಾಲಿದಿಯಾ
7 ಜನವರಿ 2026

ಸುಪ್ಪಿ,

ಶನಿವಾರ ಸಂಜೆ, ಅಸರ್ ನಮಾಜಿನ ನಂತರ. ಪಾತುಮ್ಮ ಒಪ್ಪಿದ್ದಾರೆ, ಅರ್ಧ ಮನಸ್ಸಿನಲ್ಲಿ. "ತಂದವಳೇ ಬಂದು ತೆಗೀಲಿ" ಎಂದರು.

ಲತೇಶಣ್ಣ ಕೆಳಗೆ ಕಾರಿನಲ್ಲೇ ಇರಲಿ. ಹಾಶಿಮ್ ಕೂಡ ಮನೆಯಲ್ಲಿ ಇರುವುದಿಲ್ಲ. ಫೋನು ತರಬೇಡ. ಆ ಚಿತ್ರದ ಪ್ರತಿ ಬೇರೆ ಎಲ್ಲಾದರೂ ಇದ್ದರೆ ಅಳಿಸಿಯೇ ಬಾ. ಮತ್ತೆ, ಅಲ್ಲಿ ನಿನ್ನ ತಮಾಷೆ ಬೇಡ.

ಶಮೀನಾ


ಡಿಸ್ಕವರಿ ಗಾರ್ಡನ್ಸ್
12 ಜನವರಿ 2026

ಶಮ್ಮಿ,

ಗೆದ್ದೆವಲ್ಲ. ನಿನ್ನ ಹತ್ತಿರ ನೆಟ್ಟಗೆ ಮಾತಾಡದೆಯೇ ಹೊರಡಬೇಕಾಯಿತು. ಲತೇಶ್ ಕಾರು ಅಡ್ಡ ನಿಲ್ಲಿಸಿದ್ದಕ್ಕೆ ಅಲ್ಲಿಯ ವಾಚ್‌ಮ್ಯಾನ್ ಬಂದು ಬಾಗಿಲು ತಟ್ಟಿದ್ದು ನಿನಗೆ ಗೊತ್ತೇ ಇದೆ.

ಇನ್ನೂ ಕಣ್ಣ ಮುಂದೆ ಕಟ್ಟಿದ ಹಾಗಿದೆ. ಲ್ಯಾಪ್‌ಟಾಪಿನ ಗುಂಡಿ ಒತ್ತುವ ಮೊದಲು ಪರದೆಯನ್ನು ಪಾತುಮ್ಮನ ಕಡೆಗೆ ತಿರುಗಿಸಿದೆ. ಎಲ್ಲಿಯಾದರೂ ಅದು ಅವತ್ತೇ ಮತ್ತೆ ಮೈಮೂನಳ ಮುಖವನ್ನೇ ತಂದಿದ್ದರೆ ನಾನು ಏನು ಮಾಡುತ್ತಿದ್ದೆನೋ. ಮೊದಲು ಬಂದ ಗುಂಡುಮುಖದವಳನ್ನು ಪಾತುಮ್ಮ ನೋಡಿ, ಇನ್ನೊಮ್ಮೆ ಒತ್ತು ಎಂದು ಕೈ ತೋರಿಸಿದರು. ಎರಡನೆಯವಳಿಗೂ ಅದೇ. ಆಮೇಲೆ ಆ ಮುದುಕಿ ಬಂದಳಲ್ಲ, ಗಲ್ಲ ಒಳಗೆ ಹೋದವಳು. ಪಾತುಮ್ಮ ಕನ್ನಡಕ ಹಾಕಿಕೊಂಡು ಮೂಗನ್ನು ಪರದೆಗೆ ತಾಗಿಸಿಯೇ ನೋಡಿದರು. "ಇದು ನಮ್ಮ ಬೀಫಾತಿಮ ಅಲ್ವಾ?" ಎಂದು ನಿನ್ನನ್ನು ಕೇಳಿದರು. ಅವರ ಅಕ್ಕ ಎಂದು ನೀನು ಹೇಳಿದ ಮೇಲೆ ನನಗೆ ಗೊತ್ತಾಯಿತು. "ಅವಳು ಸತ್ತು ಎಷ್ಟು ವರ್ಷ ಆಯ್ತು. ಸತ್ತವಳು ಮದರಂಗಿಗೆ ಬರ್ಲಿಕ್ಕುಂಟಾ?" ಎಂದವರೇ ಲ್ಯಾಪ್‌ಟಾಪನ್ನು ತಾವೇ ಮುಚ್ಚಿದರು. "ಖಲಾಸ್. ಸುಳ್ಳು ಹೇಳುವ ಮೆಷೀನು ಇದು."

ಕಾರಿನಲ್ಲಿ ಕುಳಿತು ನಾನು ಅತ್ತೆ. ಜೆಬೆಲ್ ಅಲಿ ದಾಟುವವರೆಗೂ ಅತ್ತೆ. ಆ ಚಿತ್ರವನ್ನು ಬಂದ ಕೂಡಲೇ ಅಳಿಸಿದೆ. ಆ ಸಾಫ್ಟ್‌ವೇರನ್ನು ಇನ್ನು ನಾನು ತೋರಿಸುವುದಿಲ್ಲ, ತೋರಿಸುವುದಿದ್ದರೆ ಇದು ಮುಖವನ್ನು ಹುಟ್ಟಿಸುತ್ತದೆ ಎಂದು ಮೊದಲೇ ಹೇಳುತ್ತೇನೆ ಎಂದು ಡಿಕ್ಸನ್‌ಗೆ ಹೇಳಿದೆ. ಅವನ ಮುಖ ಹುಳಿಯಾಯಿತು. ಮೈಕು ಬೇರೆಯವರಿಗೆ ಹೋಗಬಹುದು, ಹೋಗಲಿ.

ಒಂದೇ ಕಿರಿಕಿರಿ ಉಳಿದಿದೆ. ಎಲ್ಲ ಮುಗಿದು ಪಾತುಮ್ಮ ಚಾ ತರಲು ಹೇಳಿದರಲ್ಲ, ಮೈಮೂನ ತಂದು ಇಟ್ಟಳು, ನನ್ನ ಮುಖವನ್ನು ನೋಡಲಿಲ್ಲ. ಅವಳಿಗೆ ಸಂತೋಷವಾಗಲಿಲ್ಲವಾ? ಟಿಕೆಟ್ ಏನಾಯಿತು? ಅದಾದ ಮೇಲೆ ನೀನೂ ಮೌನ. ಬರೆ.

ನಿನ್ನದೇ,
ಸುಪ್ಪಿ


ಖಾಲಿದಿಯಾ, ಅಬುಧಾಬಿ
30 ಜನವರಿ 2026

ಪ್ರೀತಿಯ ಸುಪ್ಪಿ,

ಟಿಕೆಟ್ಟನ್ನು ಹಾಶಿಮ್ ಆ ಸಂಜೆಯೇ ರದ್ದು ಮಾಡಿದ. ನೀನು ಮೊದಲು ಕೇಳಬೇಕಾದದ್ದು ಅದು, ಅದಕ್ಕೇ ಮೊದಲು ಬರೆದೆ.

ನೀನು ಹೊರಟ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಗ್ಲಾಸುಗಳನ್ನು ತೆಗೆಯಲು ಮೈಮೂನ ಬಂದಳು. ಪಾತುಮ್ಮನಿಗೆ ಈಗ ಸೊಸೆಯ ಮೇಲೆ ಪ್ರೀತಿ ಉಕ್ಕಿತ್ತು. "ಆಯ್ತಲ್ಲಾ ಮೋಳೆ, ನನ್ನ ಮಗಳೇ, ಮೆಷೀನೇ ಸುಳ್ಳು ಅಂತ ಗೊತ್ತಾಯ್ತಲ್ಲಾ, ಇನ್ನು ಮುಖ ಊದಿಸ್ಬೇಡ" ಎಂದರು. ಮೈಮೂನ ಗ್ಲಾಸನ್ನು ಕೆಳಗಿಟ್ಟಳು.

"ಮೆಷೀನು ಹೌದು ಅಂದಾಗ ನಂಬಿದ್ರಿ. ಮೆಷೀನು ಅಲ್ಲ ಅಂದಾಗಲೂ ನಂಬಿದ್ರಿ. ನಡುವಲ್ಲಿ ನಾನೂ ಹೇಳ್ತಾ ಇದ್ದೆ, ಅದು ಯಾರಿಗೂ ಕೇಳ್ಲಿಲ್ಲ."

ಸ್ವರ ಏರಿಸಲಿಲ್ಲ, ದಿನಸಿ ಹೇಳಿದ ಹಾಗೆ ಹೇಳಿದಳು. ಹೇಳಿದ್ದು ಅತ್ತೆಗೆ, ಆದರೆ ನೋಡಿದ್ದು ನನ್ನನ್ನು. ನನಗೆ ಕುಳಿತಲ್ಲೇ ನಾಚಿಕೆಯಾಯಿತು ಸುಪ್ಪಿ. ಅವಳು ಬಂದಿದ್ದಳಾ ಎಂದು ನೀನು ನನ್ನನ್ನು ಕೇಳಿದೆ. ನಾನು ನನ್ನ ನೆನಪನ್ನು ಕೇಳಿದೆ, ಮತ್ತೆ ಆ ಗುಂಡಿಯನ್ನು ಕೇಳು ಎಂದು ನಿನ್ನನ್ನು ಅಟ್ಟಿದೆ. ಎರಡು ಕಟ್ಟಡದ ಆಚೆ ಇರುವವಳನ್ನು ಹೋಗಿ ಒಂದು ಮಾತು ಕೇಳಲು ನನಗೂ ತೋಚಲಿಲ್ಲ.

ಆಮೇಲೆ ಅವಳು ಒಳಗೆ ಹೋಗಿ ಶಾಲು ಹೊದ್ದು, ಚಪ್ಪಲಿ ಹಾಕಿಕೊಂಡು ಬಂದಳು. ಎಲ್ಲಿಗೆ ಎಂದು ಪಾತುಮ್ಮ ಕೇಳಿದರು.

"ಶಾಹಿನ ಊರಿಂದ ಬಂದಿದ್ದಾಳಂತೆ. ಅಲ್ಲಿಗೆ. ನಾನು ಹೋಗಿದ್ದೇನೆ ಅಂತ ಹೇಗೂ ಒಮ್ಮೆ ತೀರ್ಮಾನ ಆಗಿದೆ, ಶಿಕ್ಷೆಯೂ ಆಗಿದೆ. ಇನ್ನು ಹೋಗುದೊಂದು ಬಾಕಿ."

ಪಾತುಮ್ಮ ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನ ಚಿಲಕ ತೆಗೆದ ಸದ್ದಾಯಿತು. ಮಸುಕು ಹೇಗಾಗುತ್ತದೆಂದು ಪಾತುಮ್ಮನಿಗೆ ತೋರಿಸಲು ತಂದಿದ್ದ ಕ್ಯಾಮೆರಾದ ಚೀಲವನ್ನು ನಾನು ಹೆಗಲಿಗೆ ಹಾಕಿಕೊಂಡು ಅವಳ ಹಿಂದೆ ಓಡಿದೆ. ಲಿಫ್ಟಿನಲ್ಲಿ ನಾನು ಕ್ಷಮೆ ಕೇಳಿದೆ. "ನೀವು ಅವತ್ತು ಯೋಚನೆ ಮಾಡಿದ್ರಲ್ಲಾ ಶಮೀನಕ್ಕ, ಆಗ ನನಗೂ ಒಂದು ಕ್ಷಣ ಅನ್ನಿಸಿತು, ನಾನು ಹೋಗಿದ್ದೆನಾ ಏನೋ ಅಂತ" ಎಂದಳು. ಕ್ಷಮಿಸಿದೆ ಎಂದು ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಶಾಹಿನ ಬಾಗಿಲು ತೆರೆದು ಹಾಗೇ ನಿಂತಳು. ಅವಳ ಕೈಯ ಮದರಂಗಿ ಪೂರ್ತಿ ಮಾಸಿ ಉಗುರಲ್ಲಿ ಮಾತ್ರ ಉಳಿದಿತ್ತು. ಇಬ್ಬರೂ ಎಷ್ಟು ಅತ್ತರು, ಎಷ್ಟು ನಕ್ಕರು, ಅದು ಅವರದ್ದು, ನಾನು ಬರೆಯುವುದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮೈಮೂನ ಮುಖ ತೊಳೆದು ಶಾಲು ಸರಿಮಾಡಿಕೊಂಡು ನನ್ನನ್ನು ಕರೆದಳು.

"ನಮ್ಮ ಒಂದು ಫೋಟೋ ತೆಗೀರಿ. ಹಿಂದಿನದ್ದು ಯಾವುದೂ ಮಸುಕಾಗ್ಬಾರ್ದು. ಗೋಡೆ ಕಾಣ್ಬೇಕು, ಇವರ ಮನೆ ಅಂತ ಗೊತ್ತಾಗ್ಬೇಕು."

ಚೀಲದಲ್ಲಿ ನಿನ್ನ ಎಂಬತ್ತೈದು ಇತ್ತು, ಅದನ್ನು ಮುಟ್ಟಲಿಲ್ಲ. ನನ್ನ ಹಳೆಯ ಮೂವತ್ತೈದನ್ನು ಹಾಕಿದೆ, ಕಿಂಡಿಯನ್ನು ಆದಷ್ಟು ಸಣ್ಣ ಮಾಡಿದೆ, ಮನೆಯ ಎಲ್ಲ ದೀಪ ಹಾಕಿಸಿದೆ. ಸೋಫಾದ ಹರಿದ ಹೊಲಿಗೆ, ಗೋಡೆಯ ಗಡಿಯಾರ, ಬಾಗಿಲ ಹತ್ತಿರ ಇನ್ನೂ ಇದ್ದ ಆ ಬಿರಿಯಾನಿಯ ಪಾತ್ರೆ, ಎಲ್ಲ ಒಂದೇ ಸಮ ಸ್ಪಷ್ಟ. ನೀನು ನೋಡಿದ್ದರೆ ಚಪ್ಪಟೆ ಚಿತ್ರ, ಪಾಸ್‌ಪೋರ್ಟ್ ಆಫೀಸಿನವರು ತೆಗೆದದ್ದು ಎಂದು ನಗುತ್ತಿದ್ದೆ. ಮೈಮೂನ ಕ್ಯಾಮೆರಾವನ್ನು ನನ್ನ ಕೈಯಿಂದ ತೆಗೆದುಕೊಂಡು, ತನ್ನ ಮುಖವನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು.

"ಹಾಂ. ಇದು ನಾನು" ಎಂದಳು.

ಆ ಫೋಟೋವನ್ನು ಅವಳು ತನ್ನ ಫೋನಿಗೆ ಹಾಕಿಸಿಕೊಂಡು ಅಲ್ಲೇ ಕುಳಿತು ಶಾರ್ಜಾದ ನಾದಿನಿಗೆ ಕಳಿಸಿದಳು. ಕೆಳಗೆ ಒಂದು ಸಾಲೂ ಬರೆಯಲಿಲ್ಲ. ಆಚೆಯಿಂದ ಉತ್ತರ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ. ಈಗ ವಾರಕ್ಕೊಮ್ಮೆ ಅವಳು ಆ ಮನೆಗೆ ಹೋಗುವುದನ್ನು ಕಿಟಕಿಯಿಂದ ನೋಡುತ್ತೇನೆ. ಹೋಗುವುದು ಮುಂದಿನ ಬಾಗಿಲಿನಿಂದಲೇ.

ಮೂರು ವಾರ ಬರೆಯದೆ ಇದ್ದದ್ದಕ್ಕೆ ಸಿಟ್ಟು ಕಾರಣವಲ್ಲ. ಮದರಂಗಿಯ ಎರಡು ಕೆಲಸ ಬಂದಿದ್ದವು, ಒಪ್ಪಿಕೊಳ್ಳಲಿಲ್ಲ. ನನ್ನನ್ನು ಮನೆಯೊಳಗೆ ಬಿಡುತ್ತಿದ್ದದ್ದು ನನ್ನ ಕಣ್ಣನ್ನು ನಂಬಿ, ಆ ಕಣ್ಣಿನ ಮೇಲೆ ನನಗೇ ನಂಬಿಕೆ ಬರಲು ಇನ್ನೂ ಸ್ವಲ್ಪ ದಿನ ಬೇಕು. ನೀನು ಮೈಕು ಬಿಟ್ಟದ್ದು ಕೇಳಿ ನನಗೆ ಸಂಕಟವೂ ಆಯಿತು, ಸ್ವಲ್ಪ ಸಮಾಧಾನವೂ ಆಯಿತು. ಒಂದು ಶುಕ್ರವಾರ ಲತೇಶಣ್ಣನ ಜೊತೆ ಬಾ. ಊಟ ಮಾಡುವಾ.

ಲೆನ್ಸನ್ನು ವಾಪಸು ಕಳಿಸುತ್ತಿದ್ದೇನೆ, ಗಾಜು ಒರೆಸಿದ್ದೇನೆ. ಈ ಸಲ ಜೊತೆಗೆ ಕಾರ್ಡ್ ಇಲ್ಲ, ಹುಡುಕಬೇಡ.

ನಿನ್ನ,
ಶಮ್ಮಿ